ಬಾಗಿಲು ಕಿತ್ತ ಬೆಂಚು

ಕೆಜಾಯಾ ಥರ್ಲ್‌ಬಿ ಮೂವತ್ತು ವರ್ಷ ಚರ್ಚಿನ ಬೆಂಚುಗಳ ಬೀಗದ ಕೈಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಿದವಳು. ಸುತ್ತ ಹಲಗೆ ಕಟ್ಟಿ ಬೀಗ ಹಾಕಿದ ಆ ಬೆಂಚುಗಳಿಗೆ ವರ್ಷವರ್ಷ ಬಾಡಿಗೆ ಕಟ್ಟಿದ ಮನೆತನದವರು ಬಂದರೆ ಅವರವರ ಬೆಂಚಿನ ಪುಟ್ಟ ಬಾಗಿಲು ತೆರೆದು ಕೂರಿಸುವುದು ಅವಳ ಕೆಲಸ. ಮಿಕ್ಕವರು ಹಿಂದಿನ ಗೋಡೆಗೆ ಒರಗಿ ನಿಲ್ಲಬೇಕು. ಜಮೀನ್ದಾರರು ಚಳಿಗಾಲವೆಲ್ಲ ಲಂಡನ್ನಿನಲ್ಲಿರುತ್ತಿದ್ದರು. ಮೆತ್ತೆ ಹಾಸಿದ ಅವರ ಬೆಂಚು ಖಾಲಿ ಬಿದ್ದಿರುತ್ತಿತ್ತು. ಬಟ್ಟೆ ಒಗೆದು ಬದುಕುವ ಡೈನಾ ಪಾಸ್ಕ್ ಬಾತ ಕಾಲಿನಲ್ಲಿ ನಿಂತೇ ಕೆಮ್ಮುತ್ತಿದ್ದಳು.

"ಒಂದ್ ಗಳಿಗೆ ಅಲ್ಲಿ ಕೂರ್ಲೇನೆ?" ಎಂದು ಕೇಳಿದರೆ, "ನನ್ನ ಕೈಲೇನಿದೆ ಹೇಳು?" ಎಂದು ಕೆಜಾಯಾ ಸರಿದುಬಿಡುತ್ತಿದ್ದಳು.

ಹೊಸ ಪಾದ್ರಿಗಳು ಬಂದವರೇ ಬಡಗಿಯನ್ನು ಕರೆಸಿ ಬಾಗಿಲುಗಳನ್ನೆಲ್ಲ ಕೀಳಿಸಿದರು. "ದೇವರ ಮನೇಲಿ ಬೀಗ ಎಂಥದ್ದಮ್ಮ?" ಎಂದು ಅವಳ ಬೀಗದ ಕೈಗಳನ್ನೂ ಇಸಿದುಕೊಂಡರು. ಊರೆಲ್ಲ ಹೊಗಳಿತು. ಕೆಜಾಯಾಳಿಗೆ ಮಾತ್ರ ಆ ವಾರವಿಡೀ ಊಟ ಸೇರಲಿಲ್ಲ. ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ.

ಭಾನುವಾರ ಡೈನಾ ಬಂದವಳೇ ಮತ್ತೆ ಗೋಡೆಗೇ ಒರಗಿದಳು. ಕೆಜಾಯಾ ಅವಳ ಕೈ ಹಿಡಿದು ಜಮೀನ್ದಾರರ ಬೆಂಚಿನವರೆಗೂ ಕರೆತಂದಳು. ಅಲ್ಲಿ ನಿಂತು, ಇಲ್ಲದ ಬಾಗಿಲು ತೆಗೆಯಲು ಸೊಂಟ ತಡಕಾಡಿದಳು.

ಡೈನಾ ನಕ್ಕಳು. "ಬೀಗದ ಕೈ ಹುಡುಕ್ತೀಯೇನೆ ಕೆಜಾಯಾ? ಅದು ಇದ್ದಾಗ ಹುಡುಕ್ಬೇಕಿತ್ತು ಕಣೆ."