ತೂಕದ ಪ್ರೋಗ್ರಾಮಿಗೆ ಕಾವಲು

ಹುಣಸೂರಿನಿಂದ ಸ್ಕೂಟರಿನಲ್ಲಿ ಹೋಗಿ ಸುತ್ತಲ ತಾಲ್ಲೂಕುಗಳ ಹಾಲಿನ ಡೈರಿಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಆವತ್ತು ಹಾರನಹಳ್ಳಿ ಹೋಬಳಿಯ ಒಂದು ಡೈರಿಗೆ ಹೋದರೆ, ಹಾಲು ಅಳೆಯುವ ಅಕ್ಕ ಕಣ್ಣೊರೆಸಿಕೊಳ್ಳುತ್ತಾ ಕ್ಯಾನು ತೊಳೆಯುತ್ತಿದ್ದರು.

"ನನ್ನ ಕಳ್ಳಿ ಅಂದ್ಬುಟ್ರು ಕಣವ್ವ. ಸಾಲಲ್ಲಿ ನಿಂತಿದ್ದೋರೆಲ್ಲ ಕೇಳಿಸ್ಕಂಡ್ರು."

ವಿಷಯ ಇಷ್ಟೆ. ತೂಕದ ಮಿಷಿನ್ನಿನ ಮೇಲೆ ಕ್ಯಾನು ಇಟ್ಟರೆ ತೂಕ ತಾನಾಗಿಯೇ ಕಂಪ್ಯೂಟರಿಗೆ ಹೋಗಬೇಕು. ಅದನ್ನು ಸಾಗಿಸಲು ಒಂದು ಸಣ್ಣ ಪ್ರೋಗ್ರಾಮಿದೆ. ಎಷ್ಟೋ ದಿನ ಬೆಳಗ್ಗೆ ಅದು ನಿಂತೇ ಇರುತ್ತಿತ್ತು. ಆಗ ಅಕ್ಕ ತೂಕ ನೋಡಿ ಕೈಯಲ್ಲೇ ಟೈಪ್ ಮಾಡುತ್ತಿದ್ದರು. ಹಾಲು ಹಾಕುವವರಿಗೆ ಅನುಮಾನ ಬಂತು. ಈಕೆಯೇ ಬೇಕಂತ ಪ್ರೋಗ್ರಾಮ್ ನಿಲ್ಲಿಸಿ ತೂಕ ಕಮ್ಮಿ ಹಾಕುತ್ತಾಳೆ ಎಂದು ಡೈರಿಯ ಅಧ್ಯಕ್ಷರು ತೀರ್ಮಾನಿಸಿಯೇಬಿಟ್ಟಿದ್ದರು. ಭಾನುವಾರದ ಸಭೆಯಲ್ಲಿ ಅಕ್ಕನನ್ನು ಕೆಲಸದಿಂದ ತೆಗೆಯುವವರಿದ್ದರು.

"ಯಾರೂ ಕೈ ಆಡಿಸ್ದೆ ಅದು ಯಾಕಮ್ಮ ನಿಲ್ತದೆ? ನೀವೇ ಯೋಳಿ," ಅಂದರು ಅಧ್ಯಕ್ಷರು.

ನನಗೆ ಮೈಯೆಲ್ಲ ಉರಿಯಿತು. ಆ ಅಕ್ಕ ಒಂದು ಲೋಟ ಹಾಲನ್ನೂ ಮುಟ್ಟುವವರಲ್ಲ. "ಭಾನುವಾರದ ತನಕ ಸುಮ್ನಿರಿ ಯಜಮಾನ್ರೇ. ಯಾಕೆ ನಿಲ್ತದೆ ಅಂತ ಹಿಡಿದು ತೋರಿಸದಿದ್ರೆ ಆಗ ಕೇಳಿ," ಅಂದೆ. ಅಂದದ್ದೇನೋ ಅಂದೆ, ಹೇಗೆ ಹಿಡಿಯುವುದು ಅಂತ ಗೊತ್ತಿದ್ದರೆ ತಾನೇ!

ಡೈರಿಯ ಕಂಪ್ಯೂಟರನ್ನು ದೂರದಿಂದಲೇ ಕಾಯುವ ಸಾಫ್ಟ್‌ವೇರ್ ಮೊದಲೇ ಹಾಕಿದ್ದೆ. ಆದರೆ ಅದು ನೋಡುತ್ತಿದ್ದದ್ದು ಕಂಪ್ಯೂಟರ್ ಆನ್ ಇದೆಯಾ, ಮೆಮೊರಿ ಇದೆಯಾ, ಅಷ್ಟೆ. ತೂಕ ನಿಂತ ದಿನವೂ ಎಲ್ಲದಕ್ಕೂ ಹಸಿರು ಬಣ್ಣ ತೋರಿಸಿ ಹಲ್ಲು ಕಿರಿಯುತ್ತಿತ್ತು. ನನಗೆ ಬೇಕಾದದ್ದು ಆ ಒಂದು ಪ್ರೋಗ್ರಾಮ್ ಓಡುತ್ತಿದೆಯೋ ಇಲ್ಲವೋ ಎಂಬ ಸುದ್ದಿ. ಸೆಟ್ಟಿಂಗಿನಲ್ಲಿ ಅದರ ಹೆಸರು ಬರೆದೆ, ನಿಂತ ಕೂಡಲೇ ನನ್ನ ಮೊಬೈಲಿಗೆ ಸದ್ದು ಬರುವಂತೆ ಮಾಡಿದೆ. ಪರೀಕ್ಷೆಗೆಂದು ನಾನೇ ಪ್ರೋಗ್ರಾಮ್ ಮುಚ್ಚಿದೆ. ಸದ್ದೂ ಇಲ್ಲ, ಗದ್ದಲವೂ ಇಲ್ಲ. ಮತ್ತದೇ ಹಸಿರು!

ತಲೆ ಕೆಟ್ಟುಹೋಯಿತು. ಹೋಟೆಲಿನವನು ತಂದಿಟ್ಟ ಟೀ ಆರಿಹೋಯಿತು. ಓಡುತ್ತಿದ್ದ ಪ್ರೋಗ್ರಾಮುಗಳನ್ನೆಲ್ಲ ಒಂದೊಂದಾಗಿ ನೋಡಿದ ಮೇಲೆ ತಿಳಿಯಿತು: ಕಂಪ್ಯೂಟರಿಗೆ ಸೇರಿದ ತೂಕವನ್ನು ಹೊರಗಿನ ಗೋಡೆಯ ಬೋರ್ಡಿನಲ್ಲಿ ತೋರಿಸುವ ಪ್ರೋಗ್ರಾಮೂ ಅದೇ ಹೆಸರಿನಲ್ಲಿ ಓಡುತ್ತಿತ್ತು. ಇದು ಸತ್ತರೂ ಅದು ಬದುಕಿರುವುದನ್ನು ಕಂಡು ಕಾವಲಿನವನು ಎಲ್ಲ ಸರಿ ಅನ್ನುತ್ತಿದ್ದ. ಊರಲ್ಲಿ ಒಂದೇ ಹೆಸರಿನವರು ಇಬ್ಬರಿದ್ದರೆ ಅಪ್ಪನ ಹೆಸರು ಸೇರಿಸಿ ಕೂಗುವುದಿಲ್ಲವೇ, ಹಾಗೆ ಬರೀ ಹೆಸರಿನ ಬದಲು ಅದನ್ನು ಶುರುಮಾಡಲು ಕಂಪ್ಯೂಟರಿಗೆ ಕೊಡುವ ಆಜ್ಞೆಯ ಇಡೀ ಸಾಲನ್ನೇ ಸೆಟ್ಟಿಂಗಿನಲ್ಲಿ ಬರೆದೆ. ಮತ್ತೆ ಮುಚ್ಚಿದೆ. ಮೊಬೈಲು ಕಿರುಚಿಕೊಂಡಿತು. ಅಬ್ಬ, ಆ ಸದ್ದು ಎಷ್ಟು ಹಿತವಾಗಿತ್ತು! ಪ್ರೋಗ್ರಾಮನ್ನು ಮತ್ತೆ ಶುರುಮಾಡಿ ಮನೆಗೆ ಹೊರಟೆ.

ಮಾರನೆಯ ಬೆಳಗ್ಗೆ ಇನ್ನೂ ಮಬ್ಬು ಇರುವಾಗಲೇ ಡೈರಿಯ ಹೊರಗೆ ಕಲ್ಲಿನ ಮೇಲೆ ಕೂತಿದ್ದೆ. ಹಾಲು ತಂದವರು ಸಾಲು ನಿಂತಿದ್ದರು. ಅಕ್ಕ ನನ್ನ ಕಣ್ಣೆದುರಿಗೇ ನಲ್ಲಿಯ ಹತ್ತಿರ ಇದ್ದರು. ಮೊಬೈಲು ಕಿರುಚಿತು. ಎದ್ದೆನೋ ಬಿದ್ದೆನೋ ಅಂತ ಒಳಗೆ ಓಡಿದೆ. ಅಕ್ಕನೂ ಕೈ ಒರೆಸಿಕೊಳ್ಳುತ್ತಾ ಹಿಂದೆಯೇ ಬಂದರು.

ಒಳಗಿದ್ದದ್ದು ಅಧ್ಯಕ್ಷರೊಬ್ಬರೇ. ಒಂದು ಕೈಯಲ್ಲಿ ಊದುಬತ್ತಿ, ಇನ್ನೊಂದು ಕೈಯಲ್ಲಿ ಮೌಸು.

"ಏನ್ ಮಾಡಿದ್ರಿ ಈಗ?"

"ಪೂಜೆ ಕಣಮ್ಮ. ಮೊದಲ್ನೇ ಹಾಲು ಅಳೆಯೋಕ್ ಮುಂಚೆ ಲಕ್ಷ್ಮಿಗೂ ಕಂಪ್ಯೂಟರಿಗೂ ಊದುಬತ್ತಿ ಬೆಳಗ್ತೀನಿ. ಬೆಳ್ಬೆಳಗ್ಗೆನೇ ಕಂಪ್ಯೂಟರಲ್ಲಿ ಈ ಕರೀ ಪರದೆ ಎದುರಿಗಿದ್ರೆ ಒಳ್ಳೇದಲ್ಲ ಅಂತ ಮುಚ್ಚಿದೆ. ಊರಲ್ಲಿದ್ದಾಗ ದಿನಾ ಮುಚ್ತೀನಲ್ಲ."

"ಆ ಕರೀ ಪರದೆನೇ ಯಜಮಾನ್ರೇ ತೂಕದ ಪ್ರೋಗ್ರಾಮು!"

ಅವರ ಮುಖ ಇಳಿದುಹೋಯಿತು. ಅಕ್ಕನ ಕಡೆ ತಿರುಗಿ, ಹೊರಗೆ ಕೇಳಿಸದಂತೆ ಮೆಲ್ಲಗೆ, "ನಂಗೇನ್ ಗೊತ್ತಿತ್ತು? ಆಗಿದ್ದಾಯ್ತು, ಬುಡವ್ವ," ಅಂದರು.

ಅಕ್ಕ ಸೀದಾ ಹೋಗಿ ತೂಕದ ಮಿಷಿನ್ನಿನ ಸ್ವಿಚ್ ಆರಿಸಿದರು.

"ಬುಡಾಕಾಯ್ತದಾ ಯಜಮಾನ್ರೇ? ಕಳ್ಳಿ ಅಂತ ಅಷ್ಟು ಜನದ ಮುಂದೆ ಅಂದ್ರಿ. ಇದ್ನೂ ಅವ್ರ ಮುಂದೇನೇ ಯೋಳಿ. ಅಲ್ಲಿಗಂಟ ನಾನು ಹಾಲು ಅಳೆಯಾಕಿಲ್ಲ."

ಅಧ್ಯಕ್ಷರು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. ಹೊರಗೆ ಯಾರೋ, "ಇನ್ನೂ ಎಷ್ಟೊತ್ತು ನಿಲ್ಲಬೇಕಪ್ಪಾ!" ಎಂದು ಕೂಗಿದರು. ಕೊನೆಗೆ ಅವರು ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು ಬಾಗಿಲಿಗೆ ಹೋದರು.

"ದಿನಾ ಮಿಷಿನ್ ನಿಲ್ಲಿಸ್ತಿದ್ದೋನು ನಾನು ಕಣ್ರಪ್ಪ. ಗೊತ್ತಿಲ್ದೆ ನಿಲ್ಲಿಸ್ತಿದ್ದೆ. ಆಯಮ್ಮಂದು ಏನೂ ತಪ್ಪಿಲ್ಲ."

ಅಕ್ಕ ಮತ್ತೆ ಸ್ವಿಚ್ ಹಾಕಿದರು. ನಾನು ಪ್ರೋಗ್ರಾಮ್ ಶುರುಮಾಡಿದೆ. ಸಾಲಿನ ಮೊದಲನೇ ಕ್ಯಾನು ಅಧ್ಯಕ್ಷರ ಮನೆಯದೇ. ಅಕ್ಕ ಅದನ್ನು ಎತ್ತಿ ಮಿಷಿನ್ನಿನ ಮೇಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ಕೈ ಕಟ್ಟಿಕೊಂಡು ನಿಂತರು.

"ತೂಕ ನೋಡ್ಕಳಿ ಯಜಮಾನ್ರೇ," ಅಂದರು.