ಅರ್ಧ ಮೀಸೆಯ ಮಗ್

ತಿಪಟೂರಿನಲ್ಲಿ ಮಗ್‌ಗಳ ಮೇಲೆ ಫೋಟೊ ಅಚ್ಚು ಹಾಕಿಕೊಡುತ್ತಿದ್ದ ಸ್ಟುಡಿಯೋ ಸಾಹೇಬರು, ಬಿಳಿ ಮಗ್‌ಗಳ ಪೆಟ್ಟಿಗೆ ಬಂದ ದಿನ ಗಿರಾಕಿಗಳನ್ನೇ ಮರೆಯುತ್ತಿದ್ದರು. ಒಂದೊಂದನ್ನೂ ಬಾಗಿಲ ಬೆಳಕಿಗೆ ಹಿಡಿದು ತಿರುಗಿಸಿ, ಆಮೇಲೆ ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಸವರುವರು.

"ಹೊಳಪು ನೋಡಿ ಮೋಸ ಹೋಗ್ಬಾರ್ದು ಕಣಮ್ಮ, ಮೈ ನೋಡ್ಬೇಕು" ಎನ್ನುವರು. ಮೇಲಿನ ಲೇಪ ಒಂದೇ ಸಮ ಇಲ್ಲದಿದ್ದರೆ ಬಣ್ಣ ಹಿಡಿಯುವುದಿಲ್ಲವಂತೆ.

ನಮ್ಮ ಮದುವೆ ಫೋಟೊದ ಮಗ್ ಆ ಹೆಬ್ಬೆರಳಿಗೂ ಮೋಸ ಮಾಡಿತು. ಬಿಸಿ ಮೆಷಿನ್ನಿನಿಂದ ತೆಗೆದು ನೋಡಿದರೆ ನಮ್ಮ ಯಜಮಾನರಿಗೆ ಅರ್ಧವೇ ಮೀಸೆ! ನಾನು ನಕ್ಕು ನಕ್ಕು ಸುಸ್ತಾದೆ. ಸಾಹೇಬರು ಮಾತ್ರ ನಗಲಿಲ್ಲ. "ಮೈ ನೋಡ್ಬೇಕಿತ್ತು" ಎಂದು ತಮ್ಮನ್ನೇ ಬೈದುಕೊಳ್ಳುತ್ತ ಇನ್ನೊಂದು ಮಗ್ ಆರಿಸಿ, ಪೂರ್ತಿ ಮೀಸೆ ಬರುವಂತೆ ಅಚ್ಚು ಹಾಕಿಕೊಟ್ಟರು.

ಆ ಒಳ್ಳೆಯ ಮಗ್ ಯುಗಾದಿಯೊಳಗೇ ನನ್ನ ಕೈಜಾರಿ ಒಡೆಯಿತು. ಮತ್ತೆ ಅಂಗಡಿಗೆ ಹೋದಾಗ ಸಾಹೇಬರು ಅರ್ಧ ಮೀಸೆಯ ಮಗ್‌ನಲ್ಲಿ ಟೀ ಕುಡಿಯುತ್ತಿದ್ದರು.

"ಅದನ್ನೇ ನಂಗೆ ಕೊಟ್ಬುಡಿ ಸಾಹೇಬ್ರೇ" ಎಂದೆ.

"ಕೆಟ್ಟ ಮಾಲು ನನ್ನ ಅಂಗಡಿಯಿಂದ ಆಚೆ ಹೋಗಲ್ಲ ಕಣಮ್ಮ. ಕೂತ್ಕೊಳ್ಳಿ."

ಮಗ್ ತೊಳೆದು, ಅದರಲ್ಲೇ ನನಗೂ ಟೀ ತರಿಸಿದರು. ಅಲ್ಲಿಂದಾಚೆಗೆ ತಿಪಟೂರಿಗೆ ಹೋದಾಗಲೆಲ್ಲ, ಯಜಮಾನರು ಕೊಬ್ಬರಿ ಮಂಡಿಯಲ್ಲಿ ಇರುವಷ್ಟು ಹೊತ್ತು, ನಾನು ಅವರದೇ ಅರ್ಧ ಮೀಸೆಯನ್ನು ಕೈಯಲ್ಲಿ ಹಿಡಿದು ಟೀ ಕುಡಿಯುತ್ತಿದ್ದೆ.