ನೀಲಿಯಾಗದ ಟ್ಯೂಬು

ಆಗ ನನಗೆ ಐದನೇ ತಿಂಗಳು. ರಾಯಚೂರಿನ ಕಾಲೇಜೊಂದರ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದೆ. ಮಾನ್ವಿಯ ಗಂಡನ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ನಮ್ಮ ಕಡೆ ಹೊಲದ ಕೂಲಿ ಬಿಟ್ಟು ಬೇರೆ ಕೆಲಸಕ್ಕೆ ಹೋದ ಮೊದಲ ಹೆಣ್ಣು ನಾನು. ಮನೆಯವರಿಗೆ ಅದು ಹೆಮ್ಮೆ, ಹಾಗಾಗಿ ಬಸುರಿಯೆಂದು ಕೆಲಸ ಬಿಡಿಸುವ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ.

ದೇವದುರ್ಗ ಮತ್ತು ಮಾನ್ವಿ ತಾಲ್ಲೂಕುಗಳ ಬೋರಿನ ನೀರಿನಲ್ಲಿ ಆರ್ಸೆನಿಕ್ ಎಂಬ ವಿಷ ಇದೆಯೇ ಎಂದು ನೋಡುವುದು ನಮ್ಮ ಕೆಲಸ. ಅದಕ್ಕೆ ಬಳಸುತ್ತಿದ್ದದ್ದು ಬ್ಯಾಕ್ಟೀರಿಯಾ. ಯಾರಿಗೂ ಕೇಡು ಮಾಡದ ಒಂದು ಜಾತಿಯನ್ನು ಆರಿಸಿ, ಆರ್ಸೆನಿಕ್ ಸೋಕಿದರೆ ನೀಲಿ ಬಣ್ಣ ಬಿಡುವಂತೆ ಅದನ್ನು ಮಾರ್ಪಡಿಸಿರುತ್ತಾರೆ. ಅದರ ಒಣಪುಡಿ ಇರುವ ಗಾಜಿನ ಟ್ಯೂಬಿಗೆ ನೀರು ಹಾಕಿ, ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು ಮರುದಿನ ನೋಡಬೇಕು. ನೀಲಿಯಾದರೆ ವಿಷ ಇದೆ. ವರದಿಯಲ್ಲಿ ಇದನ್ನು ಜೈವಿಕ ಸಂವೇದಕ ಎಂದು ಬರೆಯುತ್ತಿದ್ದೆವು, ಬಾಯಿಮಾತಿನಲ್ಲಿ ಬರೀ ಹುಳ. ಪ್ರತಿ ಊರಿನ ನೀರಿಗೂ ಎರಡು ಟ್ಯೂಬು. ಎರಡನೆಯದಕ್ಕೆ ನಾವೇ ಒಂದು ಹನಿ ಆರ್ಸೆನಿಕ್ ಬೆರೆಸುತ್ತಿದ್ದೆವು. ಅದು ನೀಲಿಯಾಗಲೇಬೇಕು. ನೀಲಿಯಾದರೆ ಮಾತ್ರ ಹುಳ ಜೀವಂತ ಇದೆ ಎಂದು ಅರ್ಥ.

ಅರಕೇರಾ ದಾಟಿ ಹೋದರೆ ಹೊಲಗಳ ನಡುವೆ ಅಲ್ಲೊಂದು ಇಲ್ಲೊಂದು ದೊಡ್ಡಿಗಳಿವೆ, ನಾಲ್ಕಾರು ಮನೆಗಳ ಪುಟ್ಟ ಊರುಗಳು. ಕುರಿ ಸಾಕುವವರ ಒಂದು ದೊಡ್ಡಿಗೆ ಅವತ್ತು ನಾನು ಒಬ್ಬಳೇ ಹೋಗಿದ್ದೆ. ಬೋರಿನ ನೀರು ತುಂಬಿಡುವ ಟಾಕಿಯ ನಳದಿಂದ ಬಾಟಲಿ ತುಂಬಿಕೊಂಡು ಹೊರಡುವಾಗ ಪಕ್ಕದ ಮನೆಯ ಮುದುಕಿ ಕರೆದಳು.

“ಬಸರಿ ಹೆಂಗಸು, ಇಂಥಾ ಬಿಸಲಾಗ ನೀರು ಕುಡೀದ ಹೋಗಬ್ಯಾಡ ತಂಗಿ.”

ನನ್ನ ಚೀಲದ ನೀರು ಮುಗಿದಿತ್ತು. ಮುದುಕಿ ಕೊಡದಿಂದ ತುಂಬಿ ತಂದ ಚೊಂಬನ್ನು ನಿಂತಲ್ಲೇ ಖಾಲಿ ಮಾಡಿದೆ. ತಣ್ಣಗಿತ್ತು. ಇನ್ನಷ್ಟು ಕೇಳಿ ಕುಡಿದೆ.

ಮರುದಿನ ಪೆಟ್ಟಿಗೆ ತೆಗೆದಾಗ ಆ ದೊಡ್ಡಿಯ ಮೊದಲ ಟ್ಯೂಬು ತಿಳಿಯಾಗಿತ್ತು. ಉಸಿರು ಹಗುರಾಯಿತು. ಆಮೇಲೆ ಎರಡನೆಯದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದೆ. ಅದೂ ತಿಳಿಯಾಗಿತ್ತು.

ನಮ್ಮ ಕೆಲಸ ನೋಡಿಕೊಳ್ಳುತ್ತಿದ್ದ ಮೇಡಂ ಬಂದು ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿದರು. ಬೇರೆ ಊರುಗಳ ಎರಡನೇ ಟ್ಯೂಬುಗಳೆಲ್ಲ ನೀಲಿಯಾಗಿದ್ದವು.

“ಹುಳ ಸತ್ತಾವ,” ಅಂದರು. “ಈ ನೀರಾಗ ಏನೋ ಅದ. ಏನು ಅಂತ ಸತ್ತ ಹುಳ ಹೇಳಂಗಿಲ್ಲ.”

“ನಾ ಆ ಊರ ನೀರು ಕುಡದೀನ್ರಿ ಮೇಡಂ.”

ಅವರು ನನ್ನ ಹೊಟ್ಟೆ ನೋಡಿದರು. ನೋಡಿದ ಕೂಡಲೇ ಕಣ್ಣನ್ನು ಗೋಡೆಯ ಕಡೆ ತಿರುಗಿಸಿದರು. ಟ್ಯೂಬಿಗಿಂತ ಹೆಚ್ಚು ನನ್ನನ್ನು ಹೆದರಿಸಿದ್ದು ಅದು. ಕೂಸು ಹೊಟ್ಟೆಯಲ್ಲಿ ಮಿಸುಕಲು ಶುರುಮಾಡಿ ಬಹಳ ದಿನವಾಗಿರಲಿಲ್ಲ. ಮುಂಜಾನೆಯಿಂದ ಅದು ಮಿಸುಕಿತ್ತೇ ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ನೆನಪಾಗಲಿಲ್ಲ.

ನನ್ನನ್ನು ನೋಡುತ್ತಿದ್ದ ಡಾಕ್ಟರಮ್ಮನಿಗೆ ಫೋನ್ ಮಾಡಿದೆ. “ನೀರಾಗ ಏನದ ಅಂತ ತಿಳೀದ ನಾ ಏನಂತ ಹೇಳ್ಲಿ? ಮೊದಲು ಅದನ್ನ ತಿಳಕೋರಿ. ವಾಂತಿ, ಹೊಟ್ಟಿನೋವು ಬಂದ್ರ ತಡಾ ಮಾಡದ ಬರ್ರಿ,” ಅಂದರು. ನೀರು ತುಂಬಿದ ದಿನ ಬರೆದುಕೊಂಡಿದ್ದ ಮುದುಕಿಯ ಮನೆಯ ನಂಬರು ನನ್ನಲ್ಲಿತ್ತು. ಎಷ್ಟು ಸಲ ಮಾಡಿದರೂ ರಿಂಗಾಗಿ ನಿಲ್ಲುತ್ತಿತ್ತು. ಆ ಮನೆಯಲ್ಲಿ ಎಲ್ಲರೂ ಮಲಗಿಬಿಟ್ಟಿದ್ದಾರೆ ಅನ್ನಿಸಿತು. ಮಲಗಿದ್ದಾರೆ ಎಂಬ ಮಾತು ಮನಸ್ಸಿನಲ್ಲಿ ಬೇರೆ ಅರ್ಥಕ್ಕೆ ಹೊರಳಿತು.

ಮೇಡಂ ನನ್ನನ್ನು ಬಿಟ್ಟು ತಾವೊಬ್ಬರೇ ಆ ದೊಡ್ಡಿಗೆ ಹೊರಟಿದ್ದರು. ನಾನು ಕೇಳಲಿಲ್ಲ. ದೇವದುರ್ಗದ ಬಸ್ಸಿನಲ್ಲಿ ಅವರ ಪಕ್ಕ ಕೂತು ಕೆಳಹೊಟ್ಟೆಯ ಮೇಲೆ ಕೈ ಇಟ್ಟುಕೊಂಡೆ. ದಾರಿಯುದ್ದಕ್ಕೂ ಹತ್ತಿ ಹೊಲ. ಬೆನ್ನಿಗೆ ಪಂಪು ಕಟ್ಟಿಕೊಂಡು ಎಣ್ಣೆ ಹೊಡೆಯುತ್ತಿದ್ದರು. ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣೆ ಅಂತಲೇ ಹೆಸರು. ಅದರ ಡಬ್ಬಿ ಆ ಟಾಕಿಗೆ ಬಿದ್ದಿರಬಹುದೇ? ಯಾರಾದರೂ ಬೇಕೆಂದೇ ಸುರಿದಿರಬಹುದೇ? ಬಾಯಲ್ಲಿ ಏನೋ ಕಹಿ. ಅದು ನಿಜವಾದ ಕಹಿಯೋ ಹೆದರಿಕೆಯದೋ ಗೊತ್ತಾಗಲಿಲ್ಲ. ಅತ್ತೆಗೆ ಫೋನ್ ಮಾಡಬೇಕೆನಿಸಿ ನಂಬರು ಒತ್ತಿ, ಆಕೆ ‘ಹಲೋ’ ಅನ್ನುವ ಮೊದಲೇ ಕಟ್ ಮಾಡಿಬಿಟ್ಟೆ.

ಅರಕೇರಾದಿಂದ ಟಂಟಂ ಆಟೋ ಹಿಡಿದೆವು. ದೊಡ್ಡಿ ಕಾಣುತ್ತಲೇ ನಾನು ಮೊದಲು ಹುಡುಕಿದ್ದು ಕುರಿಗಳನ್ನು. ನಿಂತಿದ್ದವು, ಮೇವು ತಿನ್ನುತ್ತಿದ್ದವು. ಮುದುಕಿ ಟಾಕಿಯ ಹತ್ತಿರ ಕೊಡ ತಿಕ್ಕುತ್ತಿದ್ದಳು.

“ಯವ್ವಾ, ಎಲ್ಲಾರೂ ಆರಾಮ ಅದೀರಾ?” ದೂರದಿಂದಲೇ ಕೂಗಿ ಕೇಳಿದೆ.

“ಆರಾಮ ಅದೀವಿ. ಯಾಕ ತಂಗಿ, ಮಾರಿ ಹಿಂಗ್ಯಾಕ ಆಗ್ಯದ?”

“ಫೋನ್ ಯಾಕ ಎತ್ತಲಿಲ್ಲ?”

“ಅದು ಮಗನ ಫೋನು. ಮನ್ಯಾಗ ಬಿಟ್ಟು ಹೊಲಕ್ಕ ಹೋಗ್ಯಾನ, ನಮಗ ಎತ್ತಾಕ ಬರಂಗಿಲ್ಲ.”

ಮೇಡಂ ನಿಧಾನವಾಗಿ ಕೇಳಿದರು: “ನಿನ್ನಿ ಈ ಟಾಕಿಗೆ ಯಾರರೆ ಏನರೆ ಹಾಕಿದ್ರೇನಮ್ಮ?”

“ಪಂಚಾಯ್ತಿ ವಾಟರ್‌ಮನ್ ಮುಂಜಾನಿ ಬಂದು ಬಿಳೀ ಪುಡಿ ಸುರುವಿ ಹೋದ. ನೀರು ನೋಡಾಕ ರಾಯಚೂರಿಂದ ಬರ್ತಾರ, ಚೊಕ್ಕ ಇರಬೇಕು ಅಂದ. ಘಾಟು ವಾಸನಿ ಅಂತ ನಾವು ಆ ನೀರು ಮುಟ್ಟಿಲ್ಲ. ನಿನಗ ಕೊಟ್ಟಿದ್ದು ಹಿಂದಿನ ದಿನ ತುಂಬಿಟ್ಟ ಕೊಡದ ನೀರು.”

ಬ್ಲೀಚಿಂಗ್ ಪೌಡರ್. ಹುಳ ಕೊಂದದ್ದು ಅದು. ಅವತ್ತು ನೆಗಡಿಯಾಗಿ ಮೂಗು ಕಟ್ಟಿದ್ದರಿಂದ ನನಗೆ ವಾಸನೆ ತಿಳಿದಿರಲಿಲ್ಲ. ಕಟ್ಟೆಯ ಮೇಲೆ ಕೂತೆ, ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು. ಅಷ್ಟರಲ್ಲಿ ಕೂಸು ಮಿಸುಕಿತು. ಮುದುಕಿ ನನ್ನ ಬೆನ್ನು ಸವರಿದಳು.

ಆದರೆ ಕುಡಿದದ್ದು ಕೊಡದ ನೀರು. ಅದರಲ್ಲಿ ಏನಿದೆ ಎಂದು ನಾವಿನ್ನೂ ನೋಡಿರಲಿಲ್ಲ. ಮೇಡಂ ಟಾಕಿಗೆ ಸೇರುವ ಮುಂಚಿನ ಪೈಪಿನಿಂದ, ಬೋರಿನ ನೀರನ್ನೇ ಬಾಟಲಿಗೆ ಹಿಡಿದರು.

ಮರುದಿನ ಪೆಟ್ಟಿಗೆ ತೆಗೆಯಲು ನನ್ನಿಂದ ಆಗಲಿಲ್ಲ, ಮೇಡಂ ತೆಗೆದರು. ಎರಡೂ ಟ್ಯೂಬು ನೀಲಿ. ನಾವು ಆರ್ಸೆನಿಕ್ ಬೆರೆಸದ ಟ್ಯೂಬು ಕೂಡ ಶಾಯಿ ಕದಡಿದಂತೆ ದಟ್ಟ ನೀಲಿ. ದೊಡ್ಡ ಯಂತ್ರವಿರುವ ಇನ್ನೊಂದು ಪ್ರಯೋಗಾಲಯಕ್ಕೆ ಕಳಿಸಿದ ನೀರಿನ ಉತ್ತರವೂ ಅದೇ ಬಂತು. ಒಂದೆರಡು ಚೊಂಬು ಕುಡಿದದ್ದರಿಂದ ಕೂಸಿಗೆ ಏನೂ ಆಗುವುದಿಲ್ಲ, ವರ್ಷಗಟ್ಟಲೆ ಕುಡಿದರೆ ಅಪಾಯ ಎಂದರು ಡಾಕ್ಟರಮ್ಮ. ಆ ಮಾತಿಗೆ ನನ್ನ ಎದೆ ತಣ್ಣಗಾಗಬೇಕಿತ್ತು. ಆದರೆ ಮುದುಕಿ ಕಣ್ಣ ಮುಂದೆ ಬಂದಳು.

ಸುದ್ದಿ ಹೇಳಲು ನಾವಿಬ್ಬರೂ ಮತ್ತೆ ಹೋದೆವು. ಮುದುಕಿಯ ಸೊಸೆ ಒಳಗೆ ಕೂಸಿಗೆ ಹಾಲು ಕೊಡುತ್ತಿದ್ದಳು. ಈ ಬೋರಿನ ನೀರು ಇನ್ನು ಕುಡಿಯಲಿಕ್ಕೂ ಅಡುಗೆಗೂ ಬೇಡ, ಕುದಿಸಿದರೂ ಈ ವಿಷ ಹೋಗುವುದಿಲ್ಲ ಎಂದು ನಾನೇ ಹೇಳಿದೆ. ಮುದುಕಿ ತುಂಬಿಟ್ಟ ಕೊಡದ ಕಡೆ ನೋಡಿದಳು.

“ನೀ ಒಂದೆರಡು ಚೊಂಬು ಕುಡದು ಅಷ್ಟು ಹೆದರಿದ್ದಿ. ನಾವು ಈ ಬೋರ್ ಹಾಕಿದಾಗಿಂದ ಕುಡ್ಯಾಕತ್ತೀವಲ್ಲ ತಂಗಿ.”

ಸಿಟ್ಟಿನಿಂದ ಹೇಳಿದ್ದಲ್ಲ. ಕೇಳುತ್ತಿದ್ದಳು. ಮೇಡಂ ಅವಳ ಕೈ ಹಿಡಿದು ಅಂಗೈ ಬಿಡಿಸಿದರು. ಜೋಳದ ನುಚ್ಚು ಅಂಟಿದ ಹಾಗೆ ಒರಟು ಚುಕ್ಕೆಗಳು. ಆರ್ಸೆನಿಕ್ ವರ್ಷಗಟ್ಟಲೆ ಮೈಗೆ ಸೇರಿದ ಗುರುತು ಅದು. ಹಗ್ಗ, ಕೊಡಲಿ ಹಿಡಿದು ಆದದ್ದು ಎಂದುಕೊಂಡಿದ್ದೆ ಅಂದಳು ಮುದುಕಿ. ಒಳಗಿನಿಂದ ಸೊಸೆ ಕೂಸನ್ನು ಭುಜಕ್ಕೆ ಹಾಕಿಕೊಂಡು ಬಂದಳು. ಏನೂ ಕೇಳದೆ ಖಾಲಿಯಿದ್ದ ಕೈಯನ್ನು ನನ್ನ ಮುಂದೆ ಚಾಚಿದಳು. ಅದರಲ್ಲೂ ಅಲ್ಲಲ್ಲಿ ಚುಕ್ಕೆ ಶುರುವಾಗಿತ್ತು.

ಆ ಬೋರನ್ನು ಕುಡಿಯುವ ನೀರಿಗೆ ಮುಚ್ಚಿಸಿದರು. ಪಕ್ಕದ ದೊಡ್ಡಿಯ ಬೋರು ನಮ್ಮ ಪರೀಕ್ಷೆಯಲ್ಲಿ ಪಾಸಾಗಿತ್ತು. ಅಲ್ಲಿಂದ ಪೈಪು ಬರುವವರೆಗೆ ಹೆಂಗಸರು ನೀರನ್ನು ತಲೆಯ ಮೇಲೆ ಹೊತ್ತರು. ರಾಯಚೂರಿನ ಚರ್ಮದ ಡಾಕ್ಟರು ನೀರು ಬದಲಿಸುವುದೇ ದೊಡ್ಡ ಔಷಧ ಅಂದರು. ಸೊಸೆಯ ಕೈ ಮೃದುವಾಗುತ್ತಿದೆ. ಮುದುಕಿಯದು ಹೆಚ್ಚಾಗಿಲ್ಲ, ಕಡಿಮೆಯೂ ಆಗಿಲ್ಲ. ಇಷ್ಟು ವರ್ಷ ಒಳಗೆ ಸೇರಿದ್ದು ಮುಂದೆ ಏನು ಮಾಡುತ್ತದೆ ಎಂದು ಯಾರೂ ಖಚಿತವಾಗಿ ಹೇಳಲಿಲ್ಲ.

ನನ್ನ ಮಗಳಿಗೆ ಈಗ ನಡಿಗೆ ಬಂದಿದೆ. ಅವಳನ್ನು ಅತ್ತೆಯ ಹತ್ತಿರ ಬಿಟ್ಟು ಆಗಾಗ ದೊಡ್ಡಿಗೆ ಹೋಗುತ್ತೇನೆ. ನಾನು ಕಾಣುತ್ತಲೇ ಮುದುಕಿ ಕೈ ಒರೆಸಿಕೊಂಡು ಅಂಗೈ ಮುಂದೆ ಹಿಡಿಯುತ್ತಾಳೆ. ಆಮೇಲೆ ಕೈ ನೋಡುವುದಿಲ್ಲ, ನನ್ನ ಮುಖವನ್ನೇ ನೋಡುತ್ತಾಳೆ. ಮುಖದಲ್ಲಿ ಏನೂ ತೋರಗೊಡದೆ ನಾನು ಆ ಚುಕ್ಕೆಗಳ ಮೇಲೆ ಬೆರಳಾಡಿಸುತ್ತೇನೆ.